ಬಿಲ್ಲಿಲ್ಲದ ಬಿಸಿನೀರು

ಮಾರ್ಚ್ ೧೧, ಬುಧವಾರ

ನನ್ನ ಕಿಡಿಗೆ ಅಮ್ಮನ ಆಶೀರ್ವಾದ.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀನೂ ಹೊತ್ತಿಗೆ ಸರಿಯಾಗಿ ಉಂಡು, ಕಣ್ತುಂಬ ನಿದ್ದೆ ಮಾಡಿ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ. ಸುಳ್ಳು, ನಂಬಿಲ್ಲ. ಸರ್ಕಾರಿ ಕಚೇರಿಯವರು ಸಂಜೆಯಾದ ಕೂಡಲೇ ಚೀಲ ಹೆಗಲಿಗೇರಿಸಿ ಮನೆಗೆ ಹೋಗುತ್ತಾರೆಂದು ಲೋಕವೆಲ್ಲ ಆಡಿಕೊಳ್ಳುತ್ತದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಮಾತ್ರ ಮೇಜಿನ ಮೇಲೆಯೇ ತಲೆಯಿಟ್ಟು ಮಲಗುವ ಜಾತಿ.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ತಡವಾಯಿತು, ಬೈಯಬೇಡ. ‘ನಿನಗೂ ನನ್ನ ಮೇಲೆ ಸಿಟ್ಟಾ ಅಮ್ಮ?’ ಎಂದು ಕೊನೆಯಲ್ಲಿ ಕೇಳಿದ್ದೀಯಲ್ಲ, ಅದನ್ನು ಓದಿ ನಗು ಬಂತು. ನಿನ್ನಪ್ಪನ ಪಾಲಿನ ಸಿಟ್ಟೇ ಈ ಮನೆಗೆ ಸಾಕಾಗಿ ಮಿಕ್ಕಿದೆ, ಅದರ ಮೇಲೆ ನನ್ನದೂ ಯಾಕೆ? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಹಿಡಿದ ಕೂಡಲೇ ಆ ಮನುಷ್ಯ ಪೇಪರ್ ಅಡ್ಡ ಹಿಡಿದು ಕೂರುತ್ತಾರೆ. ಓದುವುದಿಲ್ಲ, ಹಾಳೆ ಮಗುಚುವುದಿಲ್ಲ, ಕಿವಿ ಮಾತ್ರ ಇತ್ತ ಕಡೆ. ‘ಮಾತಾಡ್ತೀರಾ?’ ಎಂದು ಕೈಸನ್ನೆ ಮಾಡಿದರೆ, ‘ಸ್ನಾನಕ್ಕೆ ಹೋಗಿದ್ದಾರೆ ಅನ್ನು’ ಎಂದು ಅವರೂ ಕೈಸನ್ನೆ. ನಿಮ್ಮ ಕರಡು ನೀತಿ ಹೊರಬಿದ್ದಾಗಿನಿಂದ ನೀನು ಮಾಡಿದ ಪ್ರತಿ ಫೋನಿಗೂ ಅವರು ಸ್ನಾನಕ್ಕೇ ಹೋಗಿದ್ದಾರೆ. ಇಷ್ಟು ಸಲ ಮೀಯುವ ಗಂಡಸನ್ನು ನಾನಂತೂ ಕಂಡಿಲ್ಲ.

ಅವರದೂ ತಪ್ಪೆನ್ನಲಾರೆ. ಕಲ್ಲಿದ್ದಲ ಬಾಯ್ಲರಿನ ಮುಂದೆಯೇ ತಲೆ ನೆರೆತವರು. ದೇಶದ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುತ್ತೇವೆ, ಅದಕ್ಕಾಗಿ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳನ್ನು ಒಂದೊಂದಾಗಿ ಮುಚ್ಚುತ್ತೇವೆ ಎಂದು ಸರ್ಕಾರ ಹೇಳಿತು. ಪಟ್ಟಿಯ ತಲೆಯಲ್ಲೇ ನಮ್ಮ ಸ್ಥಾವರ. ಬರೆದವರ ಪೈಕಿ ನಮ್ಮ ಮನೆಯ ಹುಡುಗಿ. ಅವತ್ತು ಕಾಲೊನಿಯಲ್ಲಿ ನಾನು ಹಾಲು ತರಲು ಹೋದರೂ ಜನ ಮಾತು ನಿಲ್ಲಿಸುತ್ತಿದ್ದರು. ನಮ್ಮ ಮೇಲ್ಮನೆಯಾಕೆಗೆ ಮಾತ್ರ ಬಾಯಿಗೆ ಬೀಗ ಹಾಕಿ ಗೊತ್ತಿಲ್ಲವಲ್ಲ. ಮೆಟ್ಟಿಲ ಮೇಲೆ ತಡೆದು, “ಸೊನ್ನೆ ತರೋಕೆ ನಿಮ್ಮ ಮಗಳು ಅಷ್ಟೊಂದು ಓದ್ಬೇಕಿತ್ತೇನ್ರೀ? ನನ್ನ ಮಗ ಲೆಕ್ಕದಲ್ಲಿ ಪ್ರತಿ ವರ್ಷ ತರ್ತಿದ್ದ” ಎಂದಳು. ನನಗೆ ಸಿಟ್ಟು ಬರಬೇಕಿತ್ತು, ಕಿಸಕ್ಕೆಂದು ನಗು ಬಂತು. ಅವಳೂ ನಕ್ಕಳು. ಆಮೇಲೆ ಮೆಟ್ಟಿಲ ಮೇಲೇ ಕೂತು ಕಣ್ಣೊರೆಸಿಕೊಂಡಳು. ಅವಳ ಗಂಡನೂ ಕಲ್ಲಿದ್ದಲ ವಿಭಾಗದಲ್ಲೇ ಇರುವುದು.

ನೀನು ಕಳಿಸಿದ ಕರಡಿನ ಪ್ರತಿಯನ್ನು ನಿನ್ನಪ್ಪ ಮುಟ್ಟಲಿಲ್ಲ. ಇಸ್ತ್ರಿಪೆಟ್ಟಿಗೆಯ ಕೆಳಗೆ ಬಿದ್ದಿತ್ತು. ಹೋದ ಸಲ ನೀನು ಬಂದಾಗ ಹಾಕಿಕೊಂಡು ಸ್ಥಾವರ ನೋಡಲು ಹೋಗಿದ್ದೆಯಲ್ಲ, ಆ ಬಿಳಿ ಹೆಲ್ಮೆಟ್ ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿದೆ. ‘ಒಳಗಿಡ್ತೀನಿ’ ಎಂದರೆ ‘ಇರಲಿ’ ಎನ್ನುತ್ತಾರೆ. ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಇಂಥ ಮನುಷ್ಯನಿಗೆ ಏನು ಹೇಳುತ್ತೀ?

ಈಗ ನಡೆದದ್ದನ್ನು ಹೇಳುತ್ತೇನೆ ಕೇಳು. ಕಚೇರಿಯ ಕಾಗದಪತ್ರದಲ್ಲಿ ನಿನಗೆ ಬಂದಿರುವುದು ಬರೀ ಸಾರಾಂಶ. ರಸವೆಲ್ಲ ಇಲ್ಲೇ ಉಳಿದಿದೆ.

ಹಳೆಯ ಬಾಯ್ಲರನ್ನು ಕಳೆದ ವರ್ಷವೇ ಪೂರ್ತಿ ನಿಲ್ಲಿಸಿದ್ದು ನಿನಗೆ ಗೊತ್ತು. ಉಳಿದದ್ದು ಎರಡನೆಯದೊಂದೇ. ಜನವರಿಯ ಚಳಿಯಲ್ಲಿ ಅದರೊಳಗೊಂದು ಕೊಳವೆ ಸೋರಿತು. ರಿಪೇರಿಗೆಂದು ನಿನ್ನಪ್ಪನೇ ಮುಂದೆ ನಿಂತು ಅದನ್ನು ಆರಿಸಿ, ಮನೆಗೆ ಬಂದು ಉಂಡು ಮಲಗಿದರು. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಒಂದು ಕೂಗು ಕೇಳಿತು ನೋಡು, ನನ್ನ ಕೈಯಲ್ಲಿದ್ದ ಚಹಾ ಪಾತ್ರೆ ಜಾರಿತು.

“ಏನೇ ಇದು! ನೀರಾ, ಮಂಜುಗಡ್ಡೆಯಾ!”

ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಗಡಗಡ ನಡುಗುತ್ತ ನಿಂತಿದ್ದರು. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು. ಹುಟ್ಟಿದಾಗಿನಿಂದ ಈ ಕಾಲೊನಿಯಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ನಲ್ಲಿ ಕೆಟ್ಟಿರಬೇಕೆಂದು ನಾನು ಕೊಳಾಯಿ ರಿಪೇರಿಯವನಿಗೆ ಫೋನ್ ಮಾಡಿದೆ. ಅವನು ಬಂದು ನಮ್ಮ ಬಚ್ಚಲ ಪೈಪು ಬಿಚ್ಚಿದ, ಮೇಲ್ಮನೆಯದನ್ನು ಬಿಚ್ಚಿದ, ಎದುರುಮನೆಯದನ್ನೂ ಬಿಚ್ಚಿದ. ಅಷ್ಟರಲ್ಲಿ ಕಾರ್ಮಿಕ ಸಂಘದ ಅಧ್ಯಕ್ಷರು, ಅದೇ ನಿಮ್ಮ ಮೈಕು ಮಾಮ, ತಲೆಗೆ ಸೋಪಿನ ನೊರೆ ಮೆತ್ತಿಕೊಂಡೇ ಬಾಲ್ಕನಿಗೆ ಬಂದು ಕೂಗಲು ಶುರುಮಾಡಿದರು. ಆ ಗಂಟಲಿಗೆ ಮೈಕು ಯಾತಕ್ಕೆ ಬೇಕು? ನಾನೂ ಸುಮ್ಮನಿರಲಿಲ್ಲ, ಆ ಬಡಪಾಯಿ ಕೊಳಾಯಿಯವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ.

“ಅಮ್ಮಾ, ಪೈಪಲ್ಲಿ ಕಸ ಇಲ್ಲ, ಸೋರಿಕೆ ಇಲ್ಲ. ನೀರು ಬರ್ತಾನೇ ಇದೆ, ಬಿಸಿ ಬರ್ತಿಲ್ಲ ಅಷ್ಟೇ. ಬಿಸಿ ಎಲ್ಲಿಂದ ತರ್ಲಿ ನಾನು, ಮನೆಯಿಂದ ಹೊತ್ಕೊಂಡು ಬರ್ಲಾ?” ಎಂದು ಅವನು ಚೀಲ ಕಟ್ಟಿಕೊಂಡು ಹೊರಟೇಬಿಟ್ಟ.

ಕೆಲಸಕ್ಕೆಂದು ಆಸ್ಪತ್ರೆಗೆ ಹೋದರೆ ಅಲ್ಲೂ ಅದೇ ಕಥೆ. ನನ್ನ ಲಾಂಡ್ರಿಯ ಮೆಷಿನ್‌ಗಳಿಗೆ ಬರುವ ನೀರೂ ಆ ಲೈನಿನದೇ ಅಲ್ಲವಾ? ಕಾದ ನೀರಿಲ್ಲದೆ ರೋಗಿಗಳ ಹೊದಿಕೆ ಒಗೆದು ಏನು ಪ್ರಯೋಜನ, ಕೊಳೆ ಹೋದರೂ ರೋಗಾಣು ಹೋಗುವುದಿಲ್ಲ. ಶುದ್ಧವಾದ ಬಟ್ಟೆ ಸಾಲದೆ ಡಾಕ್ಟರು ಅವತ್ತಿನ ಆಪರೇಷನ್‌ಗಳನ್ನು ಮುಂದೂಡಿದರು. ಹೊಟ್ಟೆ ಹಿಡಿದುಕೊಂಡು ಬಂದಿದ್ದ ಒಬ್ಬ ಅಜ್ಜಿಯನ್ನು ವಾಪಸ್ ಕಳಿಸಿದ್ದನ್ನು ಕಂಡು ನನಗೆ ಅಳುವೇ ಬಂತು.

ಮಧ್ಯಾಹ್ನ ಉರಿದುಕೊಂಡು ಮನೆಗೆ ಬಂದೆ. “ಆಸ್ಪತ್ರೆಯಲ್ಲೂ ತಣ್ಣೀರು ಕಣ್ರೀ! ಇಡೀ ಕಾಲೊನಿಗೆ ಒಂದೇ ಸಲ ಏನು ರೋಗ ಬಡೀತು?”

ನಿನ್ನಪ್ಪ ತುತ್ತು ಎತ್ತಿದವರು ಹಾಗೇ ನಿಂತರು. “ಬಾಯ್ಲರ್ ಆರಿದೆಯಲ್ಲೇ” ಎಂದರು.

“ಆರಿಸಿದ್ದು ಯಾರು?”

“ನಾನೇ.”

ಒಂದು ಗಳಿಗೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ನಗು ಬಂತು ನೋಡು, ನನಗೆ ಕೂರಲಾಗಲಿಲ್ಲ, ಅವರಿಗೆ ತುತ್ತು ನೆತ್ತಿಗೇರಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು. ಟರ್ಬೈನ್ ತಿರುಗಿಸಿ ಮಿಕ್ಕ ಬಿಸಿಯಲ್ಲೇ ನೀರು ಕಾಯಿಸಿ ಆ ದಪ್ಪ ಕೊಳವೆಯಲ್ಲಿ ಕಾಲೊನಿಗೆ ಬಿಡುವುದು ಅವರಿಗೆ ಗೊತ್ತಿಲ್ಲದ್ದೇ? ದಿನವೂ ಆ ಕೊಳವೆಯ ವಾಲ್ವ್ ನೋಡುವವರು ಅವರು. ಆದರೆ ಒಂದಲ್ಲ ಒಂದು ಬಾಯ್ಲರ್ ಯಾವಾಗಲೂ ಉರಿಯುತ್ತಿತ್ತು, ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿತ್ತು. ಅದು ಬರುವುದು ಸೂರ್ಯ ಹುಟ್ಟಿದ ಹಾಗೆ ಎಂದುಕೊಂಡಿದ್ದೆವು. ನೀನೇನು ಕಡಿಮೆಯೇ? ಮನೆಗಳ ಹಿಂದಿನ ಆ ಕೊಳವೆಯ ಮೇಲೆ ಕೂತೇ ನೀನು ಮಗ್ಗಿ ಕಲಿತದ್ದು. ಚಳಿಗಾಲದಲ್ಲಿ ಕಾಲೊನಿಯ ಬೆಕ್ಕುಗಳೆಲ್ಲ ಒಂದು ಕಡೆ, ನೀನು ಒಂದು ಕಡೆ. ಕರೆದರೆ ಬರುತ್ತಿರಲಿಲ್ಲ, ಎದ್ದರೆ ಕೆಳಗಿನ ಬಿಸಿ ಆರಿಹೋಗುತ್ತದೆಂದು ಅಳುತ್ತಿದ್ದೆ.

ಕೈ ತೊಳೆದು ಬಂದವರೇ, “ಅದನ್ನ ಕೊಡಿಲ್ಲಿ” ಎಂದರು. ಯಾವುದನ್ನು ಎಂದು ಕೇಳುವ ಮೊದಲೇ ಇಸ್ತ್ರಿಪೆಟ್ಟಿಗೆ ಎತ್ತಿ ನಿನ್ನ ಕರಡನ್ನು ಎಳೆದುಕೊಂಡರು. ಕನ್ನಡಕ ಹಾಕಿಕೊಂಡು ಸಂಜೆಯವರೆಗೆ ಕೂತು ಓದಿದರು. ನಾನು ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಕಿವಿ ನಿಮಿರಿಸಿ ನಿಂತಿದ್ದೆ.

“ಇಲ್ಲ” ಎಂದರು ಕೊನೆಗೆ.

“ಏನಿಲ್ಲ?”

“ನೀರಿಲ್ಲ. ಬೇರೆ ಕೆಲಸ ಕೊಡೋದು ಇದೆ, ತರಬೇತಿ ಇದೆ, ಪರಿಹಾರ ಇದೆ, ಸ್ಥಾವರದ ಬೂದಿ ಸುರಿಯೋ ಬಯಲಿನ ಮೇಲೆ ಸೌರ ಫಲಕ ಹಾಕೋದಿದೆ. ಶಾಲೆ ಮುಚ್ಚಬಾರದು ಅನ್ನೋದೂ ಇದೆ. ಬಿಸಿನೀರಿನ ಸುದ್ದಿ ಎಲ್ಲೂ ಇಲ್ಲ. ಹೇಗಿರುತ್ತೆ? ಅದಕ್ಕೆ ಮೀಟರ್ ಇಲ್ಲ, ಬಿಲ್ ಇಲ್ಲ. ಬಿಲ್ ಇಲ್ಲದ್ದು ಸರ್ಕಾರದ ಕಣ್ಣಿಗೆ ಬೀಳೋದಾದ್ರೂ ಹೇಗೆ?” ಎಂದರು. ಕನ್ನಡಕ ತೆಗೆಯುತ್ತ, “ಉಳಿದದ್ದನ್ನ ಚೆನ್ನಾಗಿ ಬರೆದಿದಾಳೆ” ಎಂದೂ ಅಂದರು.

ನನಗೆ ಆಸೆ ಹುಟ್ಟಿತು. “ಹಾಗಾದ್ರೆ ನೀವೇ ಫೋನ್ ಮಾಡಿ ಹೇಳಿಬಿಡಿ.”

“ಬರೆದದ್ದರ ಮೇಲೆ ನಂಗೆ ಸಿಟ್ಟಿಲ್ಲ. ಬರೆದವಳ ಹತ್ರ ನಂಗೆ ಮಾತಿಲ್ಲ” ಎಂದು ಎದ್ದು ಹೋದರು. ಈ ಒಗಟು ನನಗೆ ಇನ್ನೂ ಬಿಡಿಸಲಾಗಿಲ್ಲ. ನಿನ್ನಪ್ಪನ ಮಾತೇ ಹಾಗೆ, ಅರ್ಧ ಹೊರಗೆ, ಅರ್ಧ ಹೊಟ್ಟೆಯಲ್ಲಿ.

ಲಾಂಡ್ರಿಯಿಂದ ಕರೆ ಬಂತು, ಮೆಷಿನ್ ನಿಂತಿದೆಯಂತೆ. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಗುರುವಾರ

ನಿನ್ನೆಯ ಮೆಷಿನ್‌ಗೆ ಏನಾಗಿತ್ತು ಗೊತ್ತಾ? ಯಾರದೋ ಜೇಬಿನಲ್ಲಿದ್ದ ಕೃತಕ ಹಲ್ಲಿನ ಸೆಟ್ಟು ಪಂಪಿನಲ್ಲಿ ಸಿಕ್ಕಿಕೊಂಡಿತ್ತು. ಹಲ್ಲು ಕಳೆದುಕೊಂಡ ತಾತ ವಾರ್ಡಿನಲ್ಲಿ ಎಲ್ಲರ ಬಾಯಿಯನ್ನೂ ಅನುಮಾನದಿಂದ ನೋಡುತ್ತಿದ್ದರಂತೆ. ಇರಲಿ, ನಮ್ಮ ಕಥೆಗೆ ಬರುತ್ತೇನೆ.

ಬಾಯ್ಲರ್ ಮತ್ತೆ ಹೊತ್ತಿಕೊಂಡಿತು, ನಲ್ಲಿಯಲ್ಲಿ ಬಿಸಿ ಬಂತು. ಆದರೆ ಒಮ್ಮೆ ತಣ್ಣೀರು ಬಿದ್ದ ಮೈಗೆ ಭಯ ಹೋಗುತ್ತದೆಯೇ? ಮುಂದೊಂದು ದಿನ ಈ ಬಾಯ್ಲರೂ ಆರಿದರೆ ಮನೆಗಳಿಗೆ, ಆಸ್ಪತ್ರೆಗೆ ಏನು ಗತಿ ಎಂದು ಕಾಲೊನಿಯಲ್ಲೆಲ್ಲ ಅದೇ ಮಾತು. ಅದೇ ಹೊತ್ತಿಗೆ ಕರಡಿನ ಮೇಲೆ ಜನರ ಅಭಿಪ್ರಾಯ ಕೇಳಲು ನಿಮ್ಮ ಕಚೇರಿಯವರು ಬರುತ್ತಾರೆಂದು ನೋಟೀಸ್ ಅಂಟಿಸಿದರು. ನಿನ್ನ ಊರಿನ ಸಭೆಗೆ ನೀನು ಬರಬಾರದೆಂಬ ನಿಯಮ ಒಳ್ಳೆಯದೇ ಆಯಿತು. ಅವತ್ತಿನ ಮೊದಲ ಅರ್ಧ ಗಂಟೆ ನೀನು ನೋಡುವಂಥದ್ದಾಗಿರಲಿಲ್ಲ.

‘ನಾನು ಹೋಗಲ್ಲ’ ಎಂದು ನಿನ್ನಪ್ಪ ವಾರದಿಂದ ಹಟ ಹಿಡಿದಿದ್ದರು. ಸಭೆಯ ದಿನ ನೋಡಿದರೆ ನನಗಿಂತ ಮೊದಲೇ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದಾರೆ! ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ. ನಾನು ಏನೂ ಕೇಳಲಿಲ್ಲ. ಕೇಳಿದರೆ ಹಿಂದಕ್ಕೆ ತಿರುಗುವ ಗಿರಾಕಿ.

ಕಾರ್ಮಿಕರ ಸಭಾಭವನ ತುಂಬಿ ಬಾಗಿಲಾಚೆಗೂ ಜನ. ವೇದಿಕೆಯ ಮೇಲೆ ಬೆಳ್ಳಿಕೂದಲಿನ ನಿನ್ನ ಮೇಲಧಿಕಾರಿ, ಪಕ್ಕದಲ್ಲಿ ಎಳೆ ಮುಖದ ಒಬ್ಬ ಎಂಜಿನಿಯರ್. ತಣ್ಣೀರನ್ನೂ ಆರಿಸಿ ಕುಡಿಯುವ ಜನ ಅವರು. ಕೇಳಿದ ಪ್ರಶ್ನೆಗೆಲ್ಲ ‘ಪರಿಶೀಲಿಸುತ್ತೇವೆ’, ‘ಗಮನಿಸುತ್ತೇವೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಜನಕ್ಕೆ ರೇಗಿತು. ಮೈಕು ಮಾಮ ಎದ್ದು ನಿಂತು ಕಿಟಕಿ ಗಾಜು ನಡುಗುವ ಹಾಗೆ ಶುರುಮಾಡಿದರು.

“ಇದನ್ನ ಬರೆದವರಿಗೆ ನಮ್ಮ ಕಷ್ಟ ಏನು ಗೊತ್ತು? ತಣ್ಣಗಿನ ರೂಮಲ್ಲಿ ಕೂತು ಗೀಚಿದಾರೆ. ನಮ್ಮ ಮಕ್ಕಳಿಗೆ ಮೈ ತೊಳೆಯೋ ನೀರೂ ಇಲ್ಲದ ಹಾಗೆ ಮಾಡೋಕೆ ಹೊರಟಿದಾರೆ! ಅಂಥವರಿಗೆ ಹೊಟ್ಟೇಲಿ ಕರುಳಿದೆಯಾ?”

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗೂ ಗೊತ್ತು, ಬರೆದವರಲ್ಲಿ ನೀನೂ ಒಬ್ಬಳೆಂದು. ನಾಲ್ಕು ಜನ ತಿರುಗಿ ನನ್ನ ಮುಖವನ್ನೇ ನೋಡಿದರು. ನಾನು ನೆಲ ನೋಡಿದೆ. ಆಗ ಪಕ್ಕದ ಕುರ್ಚಿ ಕಿರ್ ಎಂದಿತು. ನಿನ್ನಪ್ಪ ಎದ್ದಿದ್ದರು.

“ಕರುಳಿಲ್ಲ ಅನ್ಬೇಡ. ಬರೆದವಳು ನನ್ನ ಮಗಳು. ಇದೇ ಕಾಲೊನಿ ನೀರಲ್ಲಿ ಮಿಂದು ಬೆಳೆದವಳು. ಬಿಸಿನೀರು ಮರೆತಿದಾಳೆ, ನಿಜ. ನಾನೂ ಮರೆತಿದ್ದೆ. ಬಾಯ್ಲರ್ ಆರಿಸಿ ಬಂದು, ನೀರು ಯಾಕೆ ತಣ್ಣಗಿದೆ ಅಂತ ಹೆಂಡತಿ ಮೇಲೆ ಕೂಗಾಡಿದೆ. ನೀನು ಮರೆತಿರ್ಲಿಲ್ವಾ ಅಧ್ಯಕ್ಷ? ತಲೆ ತುಂಬ ನೊರೆ ಇಟ್ಕೊಂಡು ಕೊಳಾಯಿಯವನ ಜನ್ಮ ಜಾಲಾಡಿದವನು ಯಾರು?”

ಸಭೆ ಹೋ ಎಂದು ನಕ್ಕಿತು. ಹಿಂದಿನ ಸಾಲಿನಿಂದ ಆ ಕೊಳಾಯಿಯವನೇ, “ನನ್ನ ಕೂಲಿ ಇನ್ನೂ ಯಾರೂ ಕೊಟ್ಟಿಲ್ಲ!” ಎಂದು ಕೂಗಿದ. ಮೈಕು ಮಾಮನೂ ನಕ್ಕು ಕೂತರು. ವೇದಿಕೆಯ ಮೇಲಿನ ಬೆಳ್ಳಿಕೂದಲಾಕೆ ಮೊದಲ ಸಲ ಪೆನ್ನು ಕೆಳಗಿಟ್ಟು ನಿನ್ನಪ್ಪನ ಮುಖ ನೋಡಿದರು.

ಆಮೇಲೆ ನಿನ್ನಪ್ಪ ಜೇಬಿನ ಕಾಗದ ಬಿಚ್ಚಿದರು. ನಿನ್ನ ಕರಡಿನಲ್ಲೇ ಒಂದು ಮಾತಿದೆಯಂತಲ್ಲ, ನಡುಮಧ್ಯಾಹ್ನ ಸೌರ ಫಲಕಗಳಿಂದ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಬರುತ್ತದೆ, ಅದನ್ನು ಎಲ್ಲಿಡಬೇಕೆಂಬುದೇ ಚಿಂತೆ ಎಂದು? “ಅದನ್ನ ನಮ್ಮ ನೀರಲ್ಲಿಡಿ” ಎಂದರು. “ಸ್ಥಾವರದ ಅಂಗಳದಲ್ಲಿ ದೊಡ್ಡ ನೀರಿನ ಟ್ಯಾಂಕ್ ಇದೆ. ಮುಚ್ಚಿದ ಮೇಲೆ ಅದನ್ನ ಗುಜರಿಗೆ ಹಾಕ್ಬೇಡಿ. ಮಧ್ಯಾಹ್ನದ ಕರೆಂಟಲ್ಲಿ ಅದರ ನೀರು ಕಾಯಿಸಿ. ಕೊಳವೆ ಹೇಗೂ ಇದೆ.” ಆ ಎಳೆ ಎಂಜಿನಿಯರ್ ಎದ್ದು ನಿಂತ. “ಸರ್, ಆ ಟ್ಯಾಂಕಿಗೆ ಹೊದಿಕೆ ಇಲ್ಲ, ಬೆಳಗಾಗೋದ್ರೊಳಗೆ ಅರ್ಧ ಬಿಸಿ ಹೋಗಿರುತ್ತೆ. ಸುತ್ತ ದಪ್ಪ ಹೊದಿಕೆ ಬೇಕು, ಮೋಡದ ದಿನಕ್ಕೆ ಬೇರೆ ಏರ್ಪಾಡೂ ಬೇಕು” ಎಂದ. ನಿನ್ನಪ್ಪನಿಗೋ ಎದುರು ಹೇಳಿದರೆ ಮೂಗಿನ ಮೇಲೇ ಕೋಪ. ಇವರು ತಲೆ ಕೆರೆದುಕೊಂಡು, “ಹೌದಲ್ಲ, ಅದು ನಂಗೆ ಹೊಳೀಲಿಲ್ಲ. ನೀವು ಹೊದಿಕೆ ನೋಡಿ, ನಾನು ಕೊಳವೆ ನೋಡ್ತೀನಿ” ಎಂದುಬಿಟ್ಟರು! ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೊಮ್ಮೆಯೂ ‘ಹೌದಲ್ಲ’ ಎಂದವರಲ್ಲ.

ಹೋದ ವಾರ ಬಂದ ಉತ್ತರ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆಸ್ಪತ್ರೆಗೂ ಮನೆಗಳಿಗೂ ಬಿಸಿನೀರಿನ ಏರ್ಪಾಡು ಆಗುವವರೆಗೆ ಕೊನೆಯ ಬಾಯ್ಲರ್ ಆರಿಸುವಂತಿಲ್ಲವೆಂದು ನೀತಿಯಲ್ಲೇ ಸೇರಿಸುತ್ತಾರಂತೆ. ಬೇರೆ ಸ್ಥಾವರಗಳ ಊರುಗಳಲ್ಲೂ ಹೀಗೆ ಬಿಲ್ಲಿಲ್ಲದೆ ಬರುತ್ತಿರುವುದು ಏನೇನಿದೆ ಎಂದು ಹೋಗಿ ಕೇಳುತ್ತಾರಂತೆ. ಆ ಸಾಲು ಓದಿದ ಕೂಡಲೇ ಇದು ನನ್ನ ಮಗಳ ಕೈ ಎಂದೆ. ಟ್ಯಾಂಕಿನ ಕೆಲಸದ ತಂಡಕ್ಕೆ ನಿನ್ನಪ್ಪನನ್ನೂ ಸೇರಿಸಿದ್ದಾರೆ. ಈಗ ಆ ಎಂಜಿನಿಯರ್ ಹುಡುಗ ಮನೆಗೇ ಬರುತ್ತಾನೆ. ಇಬ್ಬರೂ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಜಗಳವಾಡುತ್ತಾರೆ, ನಾನು ತಟ್ಟೆ ಹಿಡಿದು ನಿಂತಿರಬೇಕು.

ಎಲ್ಲರ ಭಯವೂ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಮೇಲ್ಮನೆಯಾಕೆಯ ಗಂಡ ತರಬೇತಿಗೆ ಹೆಸರು ಕೊಟ್ಟು ಬಂದಿದ್ದಾನೆ, ಆದರೆ ಈ ವಯಸ್ಸಿನಲ್ಲಿ ಪಾಠ ತಲೆಗೆ ಹತ್ತುತ್ತದೋ ಇಲ್ಲವೋ ಎಂದು ಅವಳಿಗೆ ದಿಗಿಲು. ಮೈಕು ಮಾಮ ‘ಆದಾಗ ನಂಬೋಣ’ ಎನ್ನುತ್ತಾರೆ. ಹಾಗೆನ್ನುವವರು ಒಬ್ಬರಿರಬೇಕು. ನನಗೆ ಮಾತ್ರ ಯಾಕೋ ಧೈರ್ಯ ಬಂದಿದೆ. ಹಳೆಯ ಬಾಯ್ಲರ್ ನಿಂತಾಗಿನಿಂದ ಬೂದಿ ಬೀಳುವುದು ಕಡಿಮೆಯಾಗಿದೆ. ಮೊನ್ನೆ ಆಸ್ಪತ್ರೆಯ ಬಿಳಿ ಹೊದಿಕೆಗಳನ್ನು ಮೊದಲ ಸಲ ಹೊರಗೆ ಹಗ್ಗದ ಮೇಲೆ ಒಣಹಾಕಿಸಿದೆ. ಸಂಜೆ ತೆಗೆದಾಗ ಬೆಳ್ಳಗೇ ಇದ್ದವು. ಒಂದನ್ನು ಮೂಗಿಗೆ ಹಿಡಿದು ನೋಡಿದೆ, ಬಿಸಿಲಿನ ವಾಸನೆ.

ನಿನ್ನ ಕೆಲಸ ನಿನಗೆ ಹೊರೆಯಾಗದಿರಲಿ. ಬರೆಯುವ ಕೈಗೆ ಬಲ ಬರಲಿ, ಎದುರು ಹೇಳುವವರು ನಿನಗೆ ಸದಾ ಸಿಗುತ್ತಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನೂರ್ಕಾಲ ತಣ್ಣಗೆ ಬಾಳು ಮಗಳೇ.

ನಿನ್ನ
ಅಮ್ಮ

ಕಾಗದ ಮಡಿಚಿದ ಮೇಲೆ ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಲು ಮನಸ್ಸಾಗಲಿಲ್ಲ.

ನಿನ್ನಪ್ಪನ ಸಿಟ್ಟು ಸ್ಥಾವರ ಮುಚ್ಚುವುದಕ್ಕೆ ಎಂದು ನೀನೂ ತಿಳಿದಿದ್ದೆ, ನಾನೂ ತಿಳಿದಿದ್ದೆ. ಅದಲ್ಲ. ಇವತ್ತು ಬೆಳಿಗ್ಗೆ ಶೂಗೆ ಪಾಲಿಶ್ ಹಾಕುತ್ತ, ತಲೆಯೆತ್ತದೆ ಕೇಳಿದರು: “ಅವತ್ತು ಅವಳಿಗೆ ಗೊತ್ತಿತ್ತಾ?”

ಯಾವತ್ತು ಎಂದು ನಾನು ಕೇಳಬೇಕಾಗಲಿಲ್ಲ. ಹೋದ ಸಲ ನೀನು ಬಂದಾಗ ಆ ಬಿಳಿ ಹೆಲ್ಮೆಟ್ ಹಾಕಿಸಿ ಕರೆದುಕೊಂಡು ಹೋಗಿ, ವರ್ಷಗಟ್ಟಲೆ ಬೇಡಿ ಎರಡನೆಯ ಬಾಯ್ಲರಿಗೆ ತರಿಸಿದ ಹೊಸ ಬರ್ನರ್‌ಗಳನ್ನು ಒಂದೊಂದಾಗಿ ತೋರಿಸಿದ್ದರಲ್ಲ. ಇನ್ನು ಈ ಬಾಯ್ಲರಿಗೆ ಸಾವಿಲ್ಲ ಎಂದಿದ್ದರಂತೆ. ನೀನು ‘ತುಂಬ ಚೆನ್ನಾಗಿದೆ ಅಪ್ಪ’ ಎಂದೆಯಂತೆ. ಕೆಲವೇ ದಿನಗಳಲ್ಲಿ ಕರಡು ಹೊರಬಂತು. “ಮುಚ್ತಾರೆ ಅಂತ ಗೊತ್ತಿದ್ದೂ, ನಾನು ಹುಚ್ಚನ ಹಾಗೆ ಕೊಚ್ಕೊಳ್ಳೋದನ್ನ ನೋಡ್ತಾ ನಿಂತಿದ್ಳಾ?” ಎಂದು ಕೇಳುವಾಗ ಅವರ ದನಿ ಒಡೆಯಿತು. ಇಷ್ಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡದ್ದು ಅದನ್ನು.

ನಿನಗೆ ಗೊತ್ತಿತ್ತೋ ಇಲ್ಲವೋ ನಾನು ಕಾಣೆ. ಹೊರಗೆ ಹೇಳಬಾರದ ಮಾತು ನಿನ್ನ ಕೆಲಸದಲ್ಲಿ ಬೇಕಾದಷ್ಟಿರುತ್ತದೆ, ಅಷ್ಟು ಮಾತ್ರ ಬಲ್ಲೆ. ನಾನು ಕಂಡದ್ದನ್ನು ಅವರಿಗೆ ಹೇಳಿದೆ. ಅವತ್ತು ಸ್ಥಾವರದಿಂದ ಬಂದವಳೇ ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ಪೂರ್ತಿ ಬಿಟ್ಟಳು, ತುಂಬ ಹೊತ್ತು. ಹೊರಗೆ ಬಂದಾಗ ಅವಳ ತಲೆಗೂದಲು ಒಣಗಿಯೇ ಇತ್ತು, ಕಣ್ಣು ಮಾತ್ರ ಕೆಂಪಾಗಿ ಊದಿತ್ತು ಎಂದೆ.

ಅವರು ಬ್ರಷ್ ಕೆಳಗಿಟ್ಟರು. “ಗೊತ್ತಿದ್ದೂ... ಅಷ್ಟು ಹೊತ್ತು ನಿಂತು ಪೂರ್ತಿ ಕೇಳಿದ್ಳಾ” ಎಂದರು. ಮಾತು ಮೊದಲಿನದೇ, ದನಿ ಬೇರೆಯಾಗಿತ್ತು. ಎದ್ದು ಹೋಗಿ ಮೊಳೆಯಿಂದ ಆ ಹೆಲ್ಮೆಟ್ ತೆಗೆದು, ಶೂ ಒರೆಸುವ ಬಟ್ಟೆ ಬಿಟ್ಟು ತಮ್ಮ ಕರ್ಚೀಫಿನಿಂದಲೇ ಧೂಳು ಒರೆಸಿ, ಮತ್ತೆ ಅಲ್ಲೇ ತೂಗುಹಾಕಿದರು.

ಗೊತ್ತಿತ್ತೋ ಇಲ್ಲವೋ, ನೀನೇ ಹೇಳು. ನನ್ನ ಕೈಲಿ ಹೇಳಿಸಬೇಡ. ಭಾನುವಾರ ಬೆಳಿಗ್ಗೆ ಫೋನ್ ಮಾಡು. ಅವರು ಸ್ನಾನಕ್ಕೆ ಹೋಗಿರುವುದಿಲ್ಲ.